ಅಷ್ಟೆಲ್ಲಾ ಓದಿದರೂ ಗ್ರೇಡ್ ಯಾಕೆ ಬರಲಿಲ್ಲ?

ರಿಸಲ್ಟ್ ಪುಟ ತೆರೆದುಕೊಳ್ಳುತ್ತದೆ. ಯಾವ ವಿಷಯಕ್ಕೆ ಎಲ್ಲಕ್ಕಿಂತ ಜಾಸ್ತಿ ನಿದ್ದೆಗೆಟ್ಟಿದ್ದಿರೋ, ಕಣ್ಣು ಮೊದಲು ಆ ಸಾಲಿಗೇ ಹೋಗುತ್ತದೆ. ಅಲ್ಲೇ ಎಲ್ಲಕ್ಕಿಂತ ಕಡಿಮೆ. ಏನೋ ತಪ್ಪಾಗಿರಬಹುದು ಅಂತ ಪುಟವನ್ನು ರಿಫ್ರೆಶ್ ಮಾಡುತ್ತೀರಿ. ಅದೇ ಗ್ರೇಡ್. ಆಮೇಲೆ ಮನಸ್ಸಿನಲ್ಲಿ ಲೆಕ್ಕ ಶುರುವಾಗುತ್ತದೆ. ದಿನಕ್ಕೆ ಐದು ಗಂಟೆಯಂತೆ ಆರು ವಾರ, ಅಂದರೆ ಇನ್ನೂರು ಗಂಟೆಗೂ ಮೇಲೆ. ಪಕ್ಕದ ಬೆಂಚಿನವನು ಪುಸ್ತಕ ಮುಟ್ಟಿದ್ದೇ ಕೊನೆಯ ವಾರ. ಅವನಿಗೆ ನನಗಿಂತ ಹೆಚ್ಚು!

ಆ ಹೊತ್ತಿನಲ್ಲಿ ತೋಚುವ ಕಾರಣಗಳು ಎರಡೇ. ಒಂದು, ನಾನು ದಡ್ಡ. ಇನ್ನೊಂದು, ತಿದ್ದಿದವರು ಸರಿಯಿಲ್ಲ. ಆದರೆ ಓದಿದ ಗಂಟೆಗೂ ಹಾಳೆಯ ಮೇಲೆ ಬಿದ್ದ ಅಂಕಕ್ಕೂ ನಡುವೆ ಉದ್ದದ ದಾರಿ ಇದೆ. ತೂತು ಬಿದ್ದ ಪೈಪಿನಲ್ಲಿ ನೀರು ಬಿಟ್ಟ ಹಾಗೆ. ತೊಟ್ಟಿ ತುಂಬಲಿಲ್ಲ ಅಂತ ಪಂಪನ್ನು ಇನ್ನೂ ಎರಡು ಗಂಟೆ ಓಡಿಸಿದರೆ ಕರೆಂಟು ಖರ್ಚಾಗುತ್ತದೆ, ಅಷ್ಟೇ. ಸೋರುತ್ತಿರುವುದು ಎಲ್ಲಿ ಅಂತ ಹುಡುಕಬೇಕು.

## ಗ್ರೇಡ್ ಅಳೆಯುವುದು ಏನನ್ನು?

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಉತ್ತರ ಪತ್ರಿಕೆಯಲ್ಲಿ ಬಂದದ್ದು ಅಂಕ. ಆ ಅಂಕವನ್ನು ಯಾವುದೋ ಒಂದು ಡಬ್ಬಿಗೆ ಹಾಕಿ, ಡಬ್ಬಿಗೆ ಅಂಟಿಸಿದ ಹೆಸರು ಗ್ರೇಡ್. ಈ ಡಬ್ಬಿ ಹಾಕುವ ಕೆಲಸ ಹಳೆಯದು. 1785ರಲ್ಲಿ ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಅವರನ್ನು ನಾಲ್ಕು ಗುಂಪು ಮಾಡಿ ತನ್ನ ಡೈರಿಯಲ್ಲಿ ಬರೆದಿಟ್ಟಿದ್ದ. ಈಗ ನಾಲ್ಕರ ಬದಲು ಏಳೋ ಎಂಟೋ ಡಬ್ಬಿಗಳಿವೆ.

ಡಬ್ಬಿಗೆ ಹಾಕುವ ಕ್ರಮ ಮುಖ್ಯವಾಗಿ ಎರಡು. ಒಂದರಲ್ಲಿ ಗೆರೆ ಮೊದಲೇ ಎಳೆದಿರುತ್ತದೆ. 70 ದಾಟಿದರೆ ಇಂಥ ಗ್ರೇಡ್, 60 ದಾಟಿದರೆ ಇಂಥದ್ದು. ತರಗತಿಯವರೆಲ್ಲ 70 ದಾಟಿದರೆ ಎಲ್ಲರಿಗೂ ಅದೇ ಗ್ರೇಡ್. ಇನ್ನೊಂದರಲ್ಲಿ ಗೆರೆ ಎಳೆಯುವುದು ಎಲ್ಲರ ಅಂಕ ಬಂದ ಮೇಲೆ. ನೀವು ಎಷ್ಟು ತೆಗೆದಿರಿ ಅನ್ನುವುದಕ್ಕಿಂತ ಸರಾಸರಿಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದ್ದೀರಿ ಅನ್ನುವುದನ್ನು ಅಲ್ಲಿ ನೋಡುತ್ತಾರೆ. ಇದಕ್ಕೆ ಸಾಪೇಕ್ಷ ಗ್ರೇಡಿಂಗ್ ಅನ್ನುತ್ತಾರೆ.

ಒಂದು ವಿಷಯದಲ್ಲಿ ನಿಮಗೆ 74 ಬಂತು ಅಂದುಕೊಳ್ಳಿ. ತರಗತಿಯ ಸರಾಸರಿ 80, ಬಹುಪಾಲು ಮಂದಿ ಅದರ ಆಚೀಚೆ ಆರು ಅಂಕದೊಳಗೆ ಇದ್ದಾರೆ. ಆ ಆರು ಅಂಕದ ಹರಡಿಕೆಯನ್ನು ಒಂದು ಮೆಟ್ಟಿಲು ಅಂದುಕೊಂಡರೆ ನೀವು ಒಂದು ಮೆಟ್ಟಿಲು ಕೆಳಗೆ. ಇನ್ನೊಂದು ವಿಷಯದಲ್ಲಿ ನಿಮಗೆ ಬಂದದ್ದು 60. ಆದರೆ ಅಲ್ಲಿ ಸರಾಸರಿ 45, ಹರಡಿಕೆ ಹತ್ತು ಅಂಕ, ಅಂದರೆ ಮೆಟ್ಟಿಲು ಹತ್ತರದು. ನೀವು ಒಂದೂವರೆ ಮೆಟ್ಟಿಲು ಮೇಲೆ. ಹೀಗಾಗಿ 60 ತೆಗೆದ ವಿಷಯದಲ್ಲಿ ಒಳ್ಳೆಯ ಗ್ರೇಡ್, 74 ತೆಗೆದದ್ದರಲ್ಲಿ ಸಾಧಾರಣ ಗ್ರೇಡ್ ಬರಬಹುದು. ನಿಮ್ಮಲ್ಲಿ ಯಾವ ಕ್ರಮ ಇದೆ ಅಂತ ಗೊತ್ತಿಲ್ಲದಿದ್ದರೆ ಕೋರ್ಸಿನ ನಿಯಮಾವಳಿಯಲ್ಲಿ ಒಮ್ಮೆ ನೋಡಿ. ಅಳುವ ಮೊದಲು ಮಾಡಬಹುದಾದ ಐದು ನಿಮಿಷದ ಕೆಲಸ ಇದು.

ಎರಡೂ ಕ್ರಮಗಳಲ್ಲಿ ಒಂದು ಸಂಗತಿ ಸಮಾನ. ಶ್ರಮಕ್ಕೆ ಅಂತ ಒಂದು ಕಾಲಂ ಎಲ್ಲೂ ಇಲ್ಲ. ತಿದ್ದುವವರ ಮುಂದೆ ಇರುವುದು ಮೂರು ಗಂಟೆಯಲ್ಲಿ ನೀವು ಬರೆದ ಹಾಳೆಗಳು ಮಾತ್ರ.

## ಗಂಟೆ ಲೆಕ್ಕ ಕೈಕೊಡುವುದು ಯಾಕೆ?

ಹೆಚ್ಚು ಹೊತ್ತು ಓದಿದರೆ ಹೆಚ್ಚು ಅಂಕ ಬರಬೇಕು, ಅಲ್ವಾ? ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದರು. ಬರೀ ಗಂಟೆಗಳನ್ನು ನೋಡಿ ಗ್ರೇಡ್ ಊಹಿಸಲು ಆಗಲಿಲ್ಲ. ಹಿಂದಿನ ಅಂಕಗಳು, ಓದುವ ಜಾಗ, ಓದುವ ರೀತಿ ಇವನ್ನೆಲ್ಲ ಸೇರಿಸಿಕೊಂಡ ಮೇಲೆಯೇ ಗಂಟೆಗಳಿಗೆ ಅರ್ಥ ಬಂತು. ಗಂಟೆ ಸುಳ್ಳಲ್ಲ. ಆ ಗಂಟೆಯೊಳಗೆ ಏನು ನಡೆಯಿತು ಅನ್ನುವುದರ ಮೇಲೆ ಅದರ ಬೆಲೆ.

ಈಗ ಒಂದು ಚಿಕ್ಕ ಕೆಲಸ ಮಾಡಿ. ಒಂದು ಚೀಟಿ ತೆಗೆದುಕೊಂಡು ಸೈಕಲ್ಲಿನ ಚಿತ್ರ ಬರೆಯಿರಿ. ಚಂದ ಇರಬೇಕಾಗಿಲ್ಲ. ಪೆಡಲ್ ಎಲ್ಲಿ, ಚೈನ್ ಯಾವುದರಿಂದ ಯಾವುದಕ್ಕೆ, ಎರಡು ಚಕ್ರಗಳನ್ನು ಯಾವ ಕಂಬಿ ಹೇಗೆ ಹಿಡಿದಿದೆ, ಇಷ್ಟು ಸರಿ ಇದ್ದರೆ ಸಾಕು. ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ 2006ರಲ್ಲಿ ಜನರಿಗೆ ಇಂಥದ್ದೇ ಕೆಲಸ ಕೊಟ್ಟಾಗ, ದಿನಾ ಸೈಕಲ್ ನೋಡುವವರೂ ತಪ್ಪು ಮಾಡಿದರು. ಕೆಲವರ ಚೈನ್ ಮುಂದಿನ ಚಕ್ರಕ್ಕೂ ಸುತ್ತಿಕೊಂಡಿತ್ತು. ಅಂಥ ಸೈಕಲ್ಲಿನ ಹ್ಯಾಂಡಲ್ ತಿರುಗಿಸಲು ಹೋದರೆ ಏನಾಗುತ್ತದೆ ಅಂತ ಊಹಿಸಿ.

ಸೈಕಲ್ ನಮಗೆ ಪರಿಚಿತ. ಆದರೆ ಪರಿಚಯ ಬೇರೆ, ತಿಳಿವಳಿಕೆ ಬೇರೆ. ನೋಟ್ಸ್ ವಿಷಯದಲ್ಲೂ ಇದೇ ಆಗುವುದು. ಒಂದು ಅಧ್ಯಾಯವನ್ನು ನಾಲ್ಕನೇ ಸಲ ಓದುವಾಗ ಮುಂದಿನ ಸಾಲು ಏನು ಅಂತ ಕಣ್ಣಿಗೆ ಮೊದಲೇ ಗೊತ್ತಿರುತ್ತದೆ. ಓದು ಸಲೀಸಾಗಿ ಸಾಗುತ್ತದೆ. ಆ ಸಲೀಸನ್ನೇ ಮನಸ್ಸು ‘ಬರುತ್ತದೆ’ ಅಂತ ಎಣಿಸಿಕೊಳ್ಳುತ್ತದೆ. ಪರೀಕ್ಷಾ ಕೊಠಡಿಯಲ್ಲಿ ನೋಟ್ಸ್ ಎದುರಿಗೆ ಇರುವುದಿಲ್ಲ, ಖಾಲಿ ಹಾಳೆ ಇರುತ್ತದೆ. ಖಾಲಿ ಹಾಳೆಯ ಮೇಲೆ ಸೈಕಲ್ ಬರೆಯುವ ಅಭ್ಯಾಸ ನಾವು ಮಾಡಿರುವುದೇ ಇಲ್ಲ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಅಳೆದು ತೋರಿಸಿದರು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ನಾಲ್ಕು ಸರದಿಯಲ್ಲೂ ಅದನ್ನು ಓದಿತು. ಇನ್ನೊಂದು ಗುಂಪು ಮೊದಲ ಸರದಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ಓದಿದವರಿಗೆ ಸುಮಾರು 40 ಶೇಕಡಾ ನೆನಪಿತ್ತು, ಬರೆದು ನೋಡಿದವರಿಗೆ ಸುಮಾರು 61. ಇದಕ್ಕಿಂತ ಮಜಾ ಅಂದರೆ, ‘ಒಂದು ವಾರದ ನಂತರವೂ ನನಗೆ ಚೆನ್ನಾಗಿ ನೆನಪಿರುತ್ತದೆ’ ಅಂತ ಹೆಚ್ಚು ಭರವಸೆಯಿಂದ ಹೇಳಿದ್ದು ಬರೀ ಓದಿದ ಗುಂಪಿನವರು.

ನನ್ನದೇ ಹಳೆಯ ಪಠ್ಯಪುಸ್ತಕ ಈಗಲೂ ಕಪಾಟಿನಲ್ಲಿದೆ. ಪುಟಪುಟವೂ ಹಳದಿ. ಮೊದಲು ಮುಖ್ಯ ಸಾಲುಗಳಿಗೆ ಹೈಲೈಟರ್ ಹಾಕಿದ್ದೆ, ಎರಡನೇ ಸಲ ಉಳಿದವೂ ಮುಖ್ಯ ಅನ್ನಿಸಿದವು. ಮೂರನೇ ಸಲಕ್ಕೆ ಬಣ್ಣ ಹಚ್ಚದ ಸಾಲೇ ಎದ್ದು ಕಾಣುತ್ತಿತ್ತು. ಅದಕ್ಕೆ ಎಷ್ಟೋ ಸಂಜೆಗಳು ಹೋಗಿವೆ. ಸುಮ್ನೆ ಕೂತಿರಲಿಲ್ಲ, ನಿಜವಾಗಿಯೂ ಕಷ್ಟಪಟ್ಟಿದ್ದೆ. ಹತ್ತು ಬಗೆಯ ಓದುವ ವಿಧಾನಗಳನ್ನು ತೂಗಿ ನೋಡಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಅದರಲ್ಲಿ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕಡಿಮೆ ಉಪಯೋಗದ ಸಾಲಿನಲ್ಲಿವೆ. ಮೇಲಿನ ಸಾಲಿನಲ್ಲಿ ಇರುವುದು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು.

## ಮರೆವಿಗೂ ಒಂದು ಲೆಕ್ಕವಿದೆ

ಓದನ್ನು ಹಂಚಿಕೊಳ್ಳಬೇಕು ಯಾಕೆ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಪ್ರಯೋಗಕ್ಕೆ ಒಳಗಾದವನು ಅವನೇ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದ. ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಸಮಯ ಉಳಿಯಿತು ಅಂತ ಅಳೆಯುತ್ತಿದ್ದ. ಇಪ್ಪತ್ತು ನಿಮಿಷದ ನಂತರ ಉಳಿತಾಯ ಸುಮಾರು 58 ಶೇಕಡಾ. ಒಂದು ದಿನದ ನಂತರ 34. ಮೂವತ್ತೊಂದು ದಿನದ ನಂತರ 21.

ಈ ಅಂಕಿಗಳಲ್ಲಿ ಇಳಿಜಾರು ನೋಡಿ. ಮೊದಲ ದಿನವೇ ದೊಡ್ಡ ಕುಸಿತ, ಆಮೇಲೆ ಒಂದು ತಿಂಗಳಲ್ಲಿ ಇನ್ನು ಸ್ವಲ್ಪವೇ. ಅರ್ಥ ಇರುವ ಪಾಠ ಇಷ್ಟು ಬೇಗ ಅಳಿಸಿಹೋಗುವುದಿಲ್ಲ, ಆದರೆ ಇಳಿಜಾರಿನ ಆಕಾರ ಹೀಗೆಯೇ. ಒಂದೇ ಭಾನುವಾರ ಹತ್ತು ಗಂಟೆ ಕೂತು ಮುಗಿಸಿದ ಪಾಠ ಮೂರು ವಾರದ ಹೊತ್ತಿಗೆ ಸೋರಿ ಹೋಗಿರುತ್ತದೆ. ಅದೇ ಹತ್ತು ಗಂಟೆಯನ್ನು ನಾಲ್ಕು ದಿನಗಳಿಗೆ, ನಡುವೆ ಅಂತರ ಬಿಟ್ಟು ಹಂಚಿದರೆ ಪ್ರತಿ ಸಲವೂ ಇಳಿಜಾರು ನಿಧಾನವಾಗುತ್ತದೆ. ಗಿಡಕ್ಕೆ ವಾರದ ನೀರನ್ನೆಲ್ಲ ಒಂದೇ ದಿನ ಸುರಿಯುವುದಿಲ್ಲವಲ್ಲ, ಹಾಗೆ.

ನಿದ್ದೆಯನ್ನೂ ಇಲ್ಲೇ ಹೇಳಿಬಿಡಬೇಕು. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸದಲ್ಲಿ ಒಂದು ಪಾಲು ನಡೆಯುವುದು ನಿದ್ದೆಯಲ್ಲಿ. ರಾತ್ರಿಯಿಡೀ ಓದಿದವನು ಗಂಟೆಗಳನ್ನು ಗಳಿಸಿ, ಅವು ಗಟ್ಟಿಯಾಗುವ ಹೊತ್ತನ್ನು ಕಳೆದುಕೊಂಡಿರುತ್ತಾನೆ.

## ಗೊತ್ತಿತ್ತು, ಆದರೆ ಬರೆಯಲಾಗಲಿಲ್ಲ

ಇದು ನೆಪ ಅಂತ ಮನೆಯವರು ಅಂದುಕೊಳ್ಳಬಹುದು. ಹಲವು ಸಲ ಇದು ನಿಜ.

ಒಂದು ಕೆಲಸ ಮಾಡುವಾಗ ಬೇಕಾದ ಸಂಗತಿಗಳನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಕಾರ್ಯಸ್ಮೃತಿ ಅನ್ನುತ್ತಾರೆ. ಒಂದು ಸಣ್ಣ ಮೇಜು ಅಂದುಕೊಳ್ಳಿ. ಸೂತ್ರ, ಪ್ರಶ್ನೆಯ ಅಂಕಿಗಳು, ಮುಂದಿನ ಹೆಜ್ಜೆ, ಎಲ್ಲವೂ ಆ ಮೇಜಿನ ಮೇಲೆ ಹಿಡಿಯಬೇಕು. ‘ಈ ಸಲವೂ ಹೋದರೆ?’ ಅನ್ನುವ ಚಿಂತೆ ಬಂದು ಅರ್ಧ ಮೇಜು ಆಕ್ರಮಿಸಿದರೆ ಲೆಕ್ಕಕ್ಕೆ ಜಾಗ ಸಾಲುವುದಿಲ್ಲ. ಹೊರಗೆ ಬಂದು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಉತ್ತರ ಹೊಳೆಯುವುದು ಇದಕ್ಕೇ. ಮೇಜು ಖಾಲಿಯಾಗಿರುತ್ತದೆ.

ಇನ್ನೊಂದು ಕಾರಣ, ವಿಶ್ವವಿದ್ಯಾಲಯದ ಪ್ರಶ್ನೆಗಳ ಸ್ವಭಾವ. ಶಾಲೆಯಲ್ಲಿ ‘ವ್ಯಾಖ್ಯೆ ಬರೆಯಿರಿ’ ಅಂದರೆ ಬಾಯಿಪಾಠ ಸಾಕಿತ್ತು. ಇಲ್ಲಿ ಪುಸ್ತಕದಲ್ಲಿಲ್ಲದ ಸನ್ನಿವೇಶ ಕೊಟ್ಟು, ಪುಸ್ತಕದ್ದನ್ನು ಅಲ್ಲಿಗೆ ಅನ್ವಯಿಸಿ ಅನ್ನುತ್ತಾರೆ. ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಸಾಲಾಗಿ ಮಾಡಿ ಅಭ್ಯಾಸವಾದವರಿಗೆ ಯಾವ ಸೂತ್ರ ಬಳಸಬೇಕು ಅಂತ ಯೋಚಿಸುವ ಪ್ರಮೇಯವೇ ಬಂದಿರುವುದಿಲ್ಲ. ಅಧ್ಯಾಯದ ಹೆಸರೇ ಸೂತ್ರ ಹೇಳಿಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅಧ್ಯಾಯದ ಹೆಸರು ಇರುವುದಿಲ್ಲ.

## ತಿದ್ದುವ ಕೈಗಳು

ತಿದ್ದಿದವರ ಮೇಲಿನ ಅನುಮಾನ ಪೂರ್ತಿ ಹುರುಳಿಲ್ಲದ್ದೇನಲ್ಲ. ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ 1913ರಲ್ಲಿ ಒಂದೇ ರೇಖಾಗಣಿತದ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದಾಗ, ಅಂಕಗಳು 28ರಿಂದ 90ರ ಮೇಲಿನ ತನಕ ಚದುರಿದವು. ಅದೂ ಗಣಿತದಲ್ಲಿ! ಈಗ ಅಂಕ ಹಂಚಿಕೆಯ ಮಾದರಿ ಉತ್ತರ, ಇನ್ನೊಬ್ಬರಿಂದ ಎರಡನೇ ಸಲ ತಿದ್ದಿಸುವುದು ಇವೆಲ್ಲ ಇರುವ ಕಡೆ ಅಂತರ ಇಷ್ಟು ದೊಡ್ಡದಿರುವುದಿಲ್ಲ. ಆದರೂ 69 ಮತ್ತು 70ರ ನಡುವಿನ ಒಂದು ಅಂಕ ಜ್ಞಾನದ ಅಂತರವೇನೂ ಅಲ್ಲ. ಗೆರೆ ಅಲ್ಲಿ ಬಿದ್ದಿದೆ, ಅಷ್ಟೇ.

ಬಂದ ಅಂಕದ ಮೇಲೆ ಅನುಮಾನ ಇದ್ದರೆ ಅರ್ಜಿ ಹಾಕಲು ದಾರಿ ಎರಡು. ಮರುಎಣಿಕೆ ಅಂದರೆ ಕೊಟ್ಟ ಅಂಕಗಳನ್ನು ಸರಿಯಾಗಿ ಕೂಡಿದ್ದಾರಾ, ಯಾವುದಾದರೂ ಉತ್ತರ ತಿದ್ದದೆ ಬಿಟ್ಟಿದ್ದಾರಾ ಅಂತ ನೋಡುವುದು. ಮರುಮೌಲ್ಯಮಾಪನ ಅಂದರೆ ಇನ್ನೊಬ್ಬರು ಮತ್ತೆ ತಿದ್ದುವುದು. ಎರಡಕ್ಕೂ ಕೊನೆಯ ದಿನಾಂಕ ಇರುತ್ತದೆ. ಅದಕ್ಕೆ ದುಃಖದ ನಡುವೆಯೂ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಕೆಲವು ಕಡೆ ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಇಳಿದದ್ದೇ ಲೆಕ್ಕ. ನಿಯಮ ಓದಿಯೇ ಅರ್ಜಿ ಹಾಕಬೇಕು.

## ಮೊದಲ ಕೆಲವು ದಿನ

ಬೇಸರ ಆಗುತ್ತದೆ. ಆಗಲಿ. ಅದನ್ನು ಆ ದಿನವೇ ‘ಪಾಠ’ವಾಗಿ ಬದಲಾಯಿಸಬೇಕು ಅನ್ನುವ ಉಪದೇಶ ನನಗೆ ಹಿಡಿಸುವುದಿಲ್ಲ. ಆದರೆ ಈ ಬೇಸರ ಎಷ್ಟು ದಿನ ಇರುತ್ತದೆ ಅನ್ನುವ ನಮ್ಮ ಊಹೆ ಮಾತ್ರ ಸಾಮಾನ್ಯವಾಗಿ ತಪ್ಪು. ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಖಾಯಂ ಆಗದಿದ್ದರೆ ವರ್ಷಗಟ್ಟಲೆ ಕೊರಗುತ್ತೇವೆ ಅಂತ ಯುವ ಪ್ರಾಧ್ಯಾಪಕರು ಊಹಿಸಿದ್ದರು. ನಿಜವಾಗಿ ಖಾಯಂ ಆಗದೇ ಹೋದವರನ್ನು ಕೇಳಿದಾಗ ಅವರು ಅಷ್ಟೇನೂ ಕೊರಗುತ್ತಿರಲಿಲ್ಲ. ಮುಂದಿನ ನೋವನ್ನು ಅಳೆಯುವ ನಮ್ಮ ತಕ್ಕಡಿ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಆ ಕೆಲವು ದಿನ ಕೋರ್ಸ್ ಬಿಡುವ, ವಿಷಯ ಬದಲಿಸುವ ತೀರ್ಮಾನ ಬೇಡ. ಗೆಳೆಯರ ಗುಂಪಿನಲ್ಲಿ ಅಂಕಪಟ್ಟಿಯ ಫೋಟೊಗಳು ಓಡಾಡುತ್ತಿದ್ದರೆ ಗುಂಪನ್ನು ಮ್ಯೂಟ್ ಮಾಡಿ. ಅಲ್ಲಿ ಫೋಟೊ ಹಾಕುವವರು ಚೆನ್ನಾಗಿ ಬಂದವರು ಮಾತ್ರ ಅನ್ನುವುದು ನೆನಪಿರಲಿ. ಮನೆಯಲ್ಲಿ ಹೇಳುವುದನ್ನು ಮುಂದೂಡಿದಷ್ಟೂ ಭಾರ ಏರುತ್ತದೆ. ‘ಅಮ್ಮಾ, ಈ ಸಲ ಕಡಿಮೆ ಬಂದಿದೆ, ಯಾಕೆ ಅಂತ ನೋಡುತ್ತಿದ್ದೇನೆ’ ಅನ್ನುವಷ್ಟು ಸಾಕು, ಪೂರ್ತಿ ವಿವರಣೆ ಅದೇ ದಿನ ಬೇಕಾಗಿಲ್ಲ.

ಆದರೆ ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಅದು ಗ್ರೇಡಿನ ಬೇಸರವನ್ನು ದಾಟಿದೆ. ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ನೋಡಬೇಕು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಆ ಕ್ಷಣವೇ ಪಕ್ಕದಲ್ಲಿರುವವರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ, ಸಹಾಯವಾಣಿಗೆ ಕರೆ ಮಾಡಿ.

## ಒಂದು ಗ್ರೇಡ್ ಎಷ್ಟು ಎಳೆಯುತ್ತದೆ?

‘ಎಲ್ಲ ಮುಗಿಯಿತು’ ಅನ್ನಿಸುತ್ತದಲ್ಲ, ಅದನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಪ್ರತಿ ವಿಷಯಕ್ಕೂ ಒಂದು ತೂಕ ಇರುತ್ತದೆ, ಅದೇ ಕ್ರೆಡಿಟ್. ಗ್ರೇಡಿನ ಪಾಯಿಂಟನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಬರುವುದು ಜಿಪಿಎ.

ಹತ್ತರ ಅಳತೆಯಲ್ಲಿ ಒಂದು ಉದಾಹರಣೆ. ಸೆಮಿಸ್ಟರಿಗೆ 20 ಕ್ರೆಡಿಟ್, ನಾಲ್ಕು ಸೆಮಿಸ್ಟರ್ ಮುಗಿದಾಗ ನಿಮ್ಮ ಸರಾಸರಿ 7.5. ಐದನೆಯದರಲ್ಲಿ 6ಕ್ಕೆ ಬಿದ್ದಿರಿ. ಒಟ್ಟು ಸರಾಸರಿ ಈಗ 7.2. ಮುಂದಿನ ಮೂರರಲ್ಲಿ 8 ಬಂದರೆ ಮತ್ತೆ 7.5ಕ್ಕೆ ವಾಪಸ್. ನಾಲ್ಕು ಕ್ರೆಡಿಟ್ಟಿನ ಒಂದೇ ವಿಷಯದಲ್ಲಿ 8ರ ಬದಲು 5 ಬಂದಿದ್ದರೆ, ನೂರು ಕ್ರೆಡಿಟ್ಟಿನ ಲೆಕ್ಕದಲ್ಲಿ ಆದ ನಷ್ಟ 0.12. ಬೇಸರ ಎಷ್ಟು ದೊಡ್ಡದಿತ್ತು, ಅಂಕಿ ಎಷ್ಟು ಚಿಕ್ಕದು ನೋಡಿ. ಹಾಗಂತ ಇದೇ ಲೆಕ್ಕ ತಿರುಗಿಯೂ ಬೀಳುತ್ತದೆ. ಕ್ರೆಡಿಟ್‌ಗಳು ಜಮೆಯಾದಷ್ಟೂ ಸರಾಸರಿಯನ್ನು ಮೇಲೆತ್ತುವುದು ಕಷ್ಟ. ಮೊದಲ ವರ್ಷದಲ್ಲಿ ಸರಿಪಡಿಸಿಕೊಳ್ಳುವುದು ಕೊನೆಯ ವರ್ಷಕ್ಕಿಂತ ಸುಲಭ.

## ಉತ್ತರ ಪತ್ರಿಕೆಯನ್ನು ಬಿಚ್ಚಿ ನೋಡುವುದು

ಪತ್ರಿಕೆಯನ್ನೋ ಅದರ ನಕಲನ್ನೋ ನೋಡಲು ಅವಕಾಶ ಇದ್ದರೆ ಬಿಡಬೇಡಿ. ಎಲ್ಲಿ ಸೋರಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಂದ ಅಂಕವನ್ನು ಬಿಟ್ಟು, ಹೋದ ಅಂಕವನ್ನು ಎಣಿಸಬೇಕು.

ಸಂಖ್ಯಾಶಾಸ್ತ್ರದ ಒಂದು ಪತ್ರಿಕೆಯಲ್ಲಿ ನನಗೆ ನೂರಕ್ಕೆ 52 ಬಂದಿತ್ತು. ನಕಲನ್ನು ತರಿಸಿಕೊಂಡು ಎರಡು ದಿನ ತೆರೆಯದೆ ಇಟ್ಟಿದ್ದೆ. ತೆರೆದು, ಹೋದ 48 ಅಂಕಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಕಾರಣ ಬರೆಯುತ್ತಾ ಹೋದೆ. ಸಮಯ ಸಾಲದೆ ಬಿಟ್ಟದ್ದು 9. ಕೂಡುವ ಕಳೆಯುವ ತಪ್ಪು 5. ಸೂತ್ರ ಗೊತ್ತಿದ್ದೂ ಯಾವುದನ್ನು ಹಾಕಬೇಕು ಅಂತ ತಿಳಿಯದೆ ಕೆಟ್ಟದ್ದು 17. ಉದ್ದಕ್ಕೆ ಬರೆದಿದ್ದರೂ ಅಂಕ ಬಾರದ್ದು 14. ಆ ಪಾಠ ಓದಿಯೇ ಇರಲಿಲ್ಲ ಅನ್ನುವ ಕಾರಣಕ್ಕೆ ಹೋದದ್ದು 3. ‘ಇನ್ನೂ ಜಾಸ್ತಿ ಓದಬೇಕಿತ್ತು’ ಅಂತ ಎರಡು ವಾರ ಕೊರಗಿದ್ದೆನಲ್ಲ, ಅದರ ಬೆಲೆ ಮೂರು ಅಂಕ.

ನಿಮ್ಮ ಹಂಚಿಕೆ ಬೇರೆಯೇ ಇರುತ್ತದೆ. ‘ಓದಿರಲಿಲ್ಲ’ ಅನ್ನುವ ರಾಶಿಯೇ ದೊಡ್ಡದಿದ್ದರೆ ಓದಿಗೆ ಸಿಗುವ ಹೊತ್ತನ್ನೇ ಪ್ರಶ್ನಿಸಬೇಕು. ಅರೆಕಾಲಿಕ ಕೆಲಸ, ಮನೆಯ ಜವಾಬ್ದಾರಿ ಅದನ್ನು ತಿನ್ನುತ್ತಿರಬಹುದು. ಸಮಯ ಸಾಲದ ರಾಶಿ ದೊಡ್ಡದಿದ್ದರೆ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯುವುದೇ ದಾರಿ. ಸೂತ್ರದ ಆಯ್ಕೆಯಲ್ಲಿ ಎಡವಿದ್ದರೆ ಬೇರೆ ಬೇರೆ ಅಧ್ಯಾಯದ ಲೆಕ್ಕಗಳನ್ನು ಕಲಸಿ ಮಾಡಬೇಕು. ನಾನು ಮುಂದಿನ ಸೆಮಿಸ್ಟರಿನಲ್ಲಿ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ ಎತ್ತುತ್ತಿದ್ದೆ. ಮೊದಲ ವಾರ ತೀರಾ ಕೆಟ್ಟದಾಗಿತ್ತು, ಅರ್ಧವೂ ಬರುತ್ತಿರಲಿಲ್ಲ. ಈ ವಿಧಾನದ ತೊಂದರೆಯೇ ಅದು. ಕಲಿಕೆ ನಡೆಯುತ್ತಿರುವಾಗ ಏನೂ ಬರುತ್ತಿಲ್ಲ ಅನ್ನಿಸುತ್ತದೆ, ಹೈಲೈಟರ್ ಹಿಡಿದಾಗ ಎಲ್ಲ ಬರುತ್ತಿದೆ ಅನ್ನಿಸುತ್ತದೆ.

ಉಳಿದದ್ದು ಆ 14 ಅಂಕ. ಅದರ ಕಾರಣ ನನಗೆ ಹೊಳೆಯಲಿಲ್ಲ. ಎರಡೂವರೆ ಪುಟ ತುಂಬಾ ಬರೆದಿದ್ದೆ, ಒಂದು ವಾಕ್ಯವೂ ತಪ್ಪಿರಲಿಲ್ಲ. ಪತ್ರಿಕೆ ಹಿಡಿದುಕೊಂಡು ಪಾಠ ಮಾಡಿದ ಮೇಷ್ಟ್ರ ಹತ್ತಿರ ಹೋದೆ. ‘ಸರ್, ಅಂಕ ಯಾಕೆ ಕಡಿಮೆ ಕೊಟ್ಟಿದ್ದಾರೆ?’ ಅಂತ ಕೇಳಲು ಹೊರಟವನು, ಬಾಗಿಲಲ್ಲಿ ನಿಂತು ಮಾತು ಬದಲಿಸಿಕೊಂಡೆ. ‘ಸರ್, ಇದಕ್ಕೆ ಪೂರ್ತಿ ಅಂಕ ಬರಬೇಕಿದ್ದರೆ ಇನ್ನೇನು ಇರಬೇಕಿತ್ತು?’

ಅವರು ಉತ್ತರವನ್ನು ಓದಲಿಲ್ಲ. ಪ್ರಶ್ನೆಪತ್ರಿಕೆ ಇಸಿದುಕೊಂಡರು. ‘ಸರಾಸರಿ ಮತ್ತು ಮಧ್ಯಾಂಕಗಳನ್ನು ಹೋಲಿಸಿ’ ಅಂತ ಇತ್ತು. ಕೊನೆಯ ಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ನನ್ನ ಕಡೆ ತಿರುಗಿಸಿದರು.

‘ಸರಾಸರಿ ಅಂದ್ರೇನು ಅಂತ ಒಂದು ಪುಟ ಬರೆದಿದ್ದೀಯ, ಮಧ್ಯಾಂಕ ಅಂದ್ರೇನು ಅಂತ ಇನ್ನೊಂದು ಪುಟ. ಹೋಲಿಕೆ ಎಲ್ಲಪ್ಪಾ?’